ದೀರ್ಘಕಾಲದ ಸೊಂಟನೋವಿಗೆ ಯಾವ ವ್ಯಾಯಾಮ ಮೇಲು?

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯಲ್ಲಿಯೂ ಅದರ ಸುತ್ತಲಿನ ಗುಡ್ಡಗಾಡಿನಲ್ಲಿಯೂ ವರ್ಷದ ಹನ್ನೆರಡು ತಿಂಗಳೂ ಬೆನ್ನು ಬಗ್ಗಿಸಿ ದುಡಿಯುವ ಕೆಲಸವೇ. ಜಡಿಮಳೆಯಲ್ಲಿ ಗದ್ದೆಯ ನಾಟಿ, ಅದರ ಹಿಂದೆಯೇ ಗಿಡದ ಬುಡಕ್ಕೆ ಬಗ್ಗಿ ಬಿಡಿಸಬೇಕಾದ ಏಲಕ್ಕಿ, ಮಳೆ ಹಿಂದೆಗೆದೊಡನೆ ಕಳೆ ಮತ್ತು ಅಗತೆ, ನವೆಂಬರಿನಿಂದ ಕಾಫಿ ಕೊಯ್ಲು, ಅನಂತರ ಉದುರು ಹಣ್ಣು ಹೆಕ್ಕುವುದು, ಕಣದಲ್ಲಿ ಚೀಲ ಹೊರುವುದು, ಏಣಿ ಹಾಕಿ ಮೆಣಸು ಬಿಡಿಸುವುದು. ಹೀಗೆ ಒಂದು ಕೆಲಸ ಮುಗಿಯುವ ಮುನ್ನ ಇನ್ನೊಂದು ಕಾದಿರುತ್ತದೆ. ಇದರ ಮೇಲೆ ಹೆಣ್ಣುಮಕ್ಕಳಿಗೆ ಕೊಟ್ಟಿಗೆ, ನೀರು, ಸೌದೆಯ ಹೊರೆಗಳು ಬೇರೆ.

ನಲವತ್ತು ದಾಟಿದ ದುಡಿಯುವ ಜನರಲ್ಲಿ "ಸೊಂಟ ಹಿಡಿದಿದೆ" ಎನ್ನದವರು ವಿರಳ. ಕೆಲವರಿಗೆ ನಾಲ್ಕು ದಿನಗಳಲ್ಲಿ ಬಿಟ್ಟುಹೋಗುತ್ತದೆ. ಇನ್ನು ಕೆಲವರಿಗೆ ತಿಂಗಳುಗಟ್ಟಲೆ ನಿಂತು, ಕೊಯ್ಲಿನ ಹೊತ್ತಿಗೆ ಸರಿಯಾಗಿ ಉಲ್ಬಣಿಸುತ್ತದೆ. ಹಣ್ಣು ಕೆಂಪಾದ ಮೇಲೆ ಗಿಡ ಕಾಯುವುದಿಲ್ಲ. ಮನೆಯ ಒಬ್ಬ ಆಳು ಮಲಗಿದರೆ ಹಣ್ಣು ನೆಲಕ್ಕೆ ಬೀಳುತ್ತದೆ. ಕೂಲಿಯವರಿಗಾದರೆ ಆ ದಿನದ ಕೂಲಿಯೇ ಇಲ್ಲ. ಆದ್ದರಿಂದ ಸೊಂಟನೋವು ವೈದ್ಯರ ವಿಷಯ ಮಾತ್ರವಲ್ಲ, ಬೇಸಾಯದ ವಿಷಯವೂ ಹೌದು.

ಪ್ರಪಂಚದಲ್ಲಿ 2020ರಲ್ಲಿ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರೆಂದು ಅಂದಾಜು ಮಾಡಲಾಗಿದೆ. ಮನುಷ್ಯರನ್ನು ಕೆಲಸಕ್ಕೆ ಅಶಕ್ತರನ್ನಾಗಿ ಮಾಡುವ ತೊಂದರೆಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಇದಕ್ಕೆ ವ್ಯಾಯಾಮ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಆದರೆ ಯಾವ ವ್ಯಾಯಾಮ? ಒಬ್ಬರು ನಡೆಯಿರಿ ಎನ್ನುತ್ತಾರೆ, ಇನ್ನೊಬ್ಬರು ಆಸನ ಮಾಡಿ ಎನ್ನುತ್ತಾರೆ, ಮತ್ತೊಬ್ಬರು ಹಿಂದಕ್ಕೆ ಬಾಗಿ ಎನ್ನುತ್ತಾರೆ. ಇವುಗಳ ಗುಣದೋಷಗಳನ್ನು ಹೋಲಿಸಿ ನೋಡುವುದು ಅವಶ್ಯಕ.

ದೀರ್ಘಕಾಲದ ನೋವೆಂದರೆ ಯಾವುದು?

ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದ ನೋವನ್ನು ದೀರ್ಘಕಾಲದ ನೋವೆನ್ನುತ್ತಾರೆ. ಸೊಂಟದಲ್ಲಿ ಐದು ದಪ್ಪ ಮೂಳೆಗಳಿದ್ದು, ಅವುಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. ಸುತ್ತಲೂ ಸ್ನಾಯುಗಳು ಕಂಬಕ್ಕೆ ಕಟ್ಟಿದ ಹಗ್ಗಗಳಂತೆ ಹಿಡಿದು ನಿಲ್ಲಿಸುತ್ತವೆ. ಬಹುಪಾಲು ಸೊಂಟನೋವುಗಳಲ್ಲಿ ಇಂಥದೇ ಭಾಗ ಕೆಟ್ಟಿದೆ ಎಂದು ಬೆರಳಿಟ್ಟು ತೋರಿಸುವುದು ಸಾಧ್ಯವಿಲ್ಲ. ನೋವಿಲ್ಲದವರ ಬೆನ್ನಿನ ಚಿತ್ರ ತೆಗೆದರೂ ವಯಸ್ಸಿಗೆ ತಕ್ಕ ಸವೆತ ಕಾಣಿಸುತ್ತದೆ. ಆದುದರಿಂದ ಚಿತ್ರದಲ್ಲಿ "ಸವೆದಿದೆ" ಎಂದು ಬರೆದ ಮಾತ್ರಕ್ಕೆ ಬೆನ್ನು ಕೆಲಸಕ್ಕೆ ಬಾರದೆಂದು ತಿಳಿಯಬಾರದು.

ನೋವು ಬಹುಕಾಲ ಉಳಿದಾಗ ಮನುಷ್ಯ ಹೆದರಿ ಬೆನ್ನನ್ನು ಬಳಸುವುದನ್ನೇ ಬಿಡುತ್ತಾನೆ. ಬಳಸದ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಬೇಗ ದಣಿಯುತ್ತದೆ. ದಣಿದ ಬೆನ್ನು ಮತ್ತೆ ನೋಯುತ್ತದೆ. ಈ ಸುತ್ತನ್ನು ಮುರಿಯುವುದೇ ವ್ಯಾಯಾಮದ ಉದ್ದೇಶ.

ಮಲಗಿದರೆ ವಾಸಿಯಾಗುವುದೇ?

ಸೊಂಟ ಹಿಡಿದವರನ್ನು ಚಾಪೆ ಹಾಸಿ ವಾರಗಟ್ಟಲೆ ಮಲಗಿಸುವ ರೂಢಿ ಎಲ್ಲೆಡೆ ಇತ್ತು. ಫಿನ್ಲೆಂಡಿನ ಹೆಲ್ಸಿಂಕಿ ನಗರದ ನೌಕರರ ಮೇಲೆ ಮಾಡಿ 1995ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಪರೀಕ್ಷಿಸಿತು. ಆಗತಾನೆ ಸೊಂಟ ಹಿಡಿದವರಲ್ಲಿ ಒಂದು ಗುಂಪಿಗೆ ಎರಡು ದಿನಗಳ ವಿಶ್ರಾಂತಿ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ಸಹಿಸುವಷ್ಟು ಮಾಮೂಲು ಓಡಾಟ. ಬೇಗ ಚೇತರಿಸಿಕೊಂಡವರು ಮೂರನೆಯ ಗುಂಪಿನವರು.

ಇದರಿಂದ ಎರಡು ಪಾಠಗಳಿವೆ. ಮೊದಲನೆಯದು, ಮಲಗುವುದು ಔಷಧಿಯಲ್ಲ. ಎರಡನೆಯದು, ಹೊಸದಾಗಿ ಹಿಡಿದ ನೋವಿನಲ್ಲಿ ವಿಶೇಷ ವ್ಯಾಯಾಮಕ್ಕೆ ಅವಸರ ಬೇಡ, ಹಗುರವಾದ ಓಡಾಟ ಸಾಕು. ವ್ಯಾಯಾಮದ ನಿಜವಾದ ಉಪಯೋಗವಿರುವುದು ಹಳೆಯ ನೋವಿನಲ್ಲಿ ಮತ್ತು ಮರುಕಳಿಸುವ ನೋವಿನಲ್ಲಿ.

ತೋಟದ ಕೆಲಸವೇ ವ್ಯಾಯಾಮವಲ್ಲವೇ?

"ಬೆಳಗಿನಿಂದ ಸಂಜೆಯವರೆಗೆ ದುಡಿಯುವವನಿಗೆ ವ್ಯಾಯಾಮ ಬೇರೆ ಬೇಕೆ?" ಎಂದು ರೈತರು ಕೇಳುವುದು ಸಹಜ. ಆದರೆ ಕೆಲಸಕ್ಕೂ ವ್ಯಾಯಾಮಕ್ಕೂ ಮುಖ್ಯ ವ್ಯತ್ಯಾಸಗಳಿವೆ.

ಮೊದಲನೆಯದಾಗಿ, ನಾಟಿ, ಕಳೆ, ಅಗತೆ, ಹೆಕ್ಕುವುದು ಎಲ್ಲವೂ ಬೆನ್ನನ್ನು ಮುಂದಕ್ಕೇ ಬಗ್ಗಿಸುತ್ತವೆ. ಹಿಂದಕ್ಕೆ ಬಾಗಿಸುವ ಕೆಲಸ ಬೇಸಾಯದಲ್ಲಿ ಅಪರೂಪ. ಎರಡನೆಯದಾಗಿ, ಕತ್ತಿ ಬೀಸುವಾಗ, ಗುದ್ದಲಿ ಹಿಡಿದಾಗ ದೇಹದ ಒಂದು ಪಕ್ಕಕ್ಕೇ ಹೆಚ್ಚು ದುಡಿಮೆ. ಮೂರನೆಯದಾಗಿ, ಕೆಲಸದಲ್ಲಿ ಹೊರೆಯನ್ನು ನಿರ್ಧರಿಸುವುದು ದೇಹವಲ್ಲ, ಚೀಲ. 50 ಕಿಲೋ ಕಾಫಿ ಚೀಲ ಇಂದು ಬೆನ್ನು ಸರಿಯಿಲ್ಲವೆಂದು 30 ಕಿಲೋ ಆಗುವುದಿಲ್ಲ. ವ್ಯಾಯಾಮದಲ್ಲಿ ಹೊರೆಯನ್ನು ಸ್ವಲ್ಪ ಸ್ವಲ್ಪವೇ ಏರಿಸಬಹುದು, ದಣಿದಾಗ ನಿಲ್ಲಿಸಬಹುದು, ಎಡಬಲ ಎರಡನ್ನೂ ಸಮನಾಗಿ ದುಡಿಸಬಹುದು. ಆದ್ದರಿಂದ ಬೇಸಾಯದ ಕೆಲಸ ವ್ಯಾಯಾಮಕ್ಕೆ ಬದಲಿಯಲ್ಲ. ವ್ಯಾಯಾಮವು ಬೇಸಾಯಕ್ಕೆ ಬೆನ್ನನ್ನು ಸಿದ್ಧಪಡಿಸುವ ಕ್ರಮ.

ವ್ಯಾಯಾಮದಿಂದ ಎಷ್ಟು ಗುಣ ನಿರೀಕ್ಷಿಸಬಹುದು?

ಹಳೆಯ ಸೊಂಟನೋವಿಗೆ ವ್ಯಾಯಾಮದ ಬಗ್ಗೆ ನಡೆದ 249 ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ವಿಮರ್ಶೆ ಮಾಡಲಾಯಿತು. ನೋವನ್ನು 100 ಅಂಕಗಳಲ್ಲಿ ಅಳೆದಾಗ, ವ್ಯಾಯಾಮ ಮಾಡಿದವರಲ್ಲಿ ಮಾಡದವರಿಗಿಂತ ಸರಾಸರಿ 15 ಅಂಕಗಳಷ್ಟು ನೋವು ಕಡಿಮೆಯಿತ್ತು. 60 ಅಂಕದ ನೋವು 45ಕ್ಕೆ ಇಳಿದಂತೆ. ಪೂರ್ತಿ ಮಾಯವಾಗುವುದೆಂದು ಹೇಳುವವರ ಮಾತು ನಂಬತಕ್ಕದ್ದಲ್ಲ. ಆದರೆ ಈ ಇಳಿತವೂ ಒಂದು ಕೊಯ್ಲನ್ನು ಮುಗಿಸಲು ಸಾಕಾಗಬಹುದು.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಕ್ರಮಬದ್ಧ ವ್ಯಾಯಾಮವನ್ನು ಸಲಹೆ ಮಾಡಿದೆ. ಸೊಂಟಕ್ಕೆ ಕಟ್ಟುವ ಬೆಲ್ಟನ್ನೂ, ತೂಕ ಕಟ್ಟಿ ಸೊಂಟ ಎಳೆಯುವ ಚಿಕಿತ್ಸೆಯನ್ನೂ ವಾಡಿಕೆಯಾಗಿ ಬಳಸಬಾರದೆಂದು ತಿಳಿಸಿದೆ.

ನಾಲ್ಕು ಬಗೆಯ ವ್ಯಾಯಾಮಗಳು

1. ನಡಿಗೆ: ಇದಕ್ಕೆ ಖರ್ಚಿಲ್ಲ, ಕಲಿಸುವವರು ಬೇಕಿಲ್ಲ. ಆಸ್ಟ್ರೇಲಿಯದಲ್ಲಿ 701 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೊಂಟನೋವಿನಿಂದ ಆಗತಾನೆ ಚೇತರಿಸಿಕೊಂಡವರಿಗೆ ತಿಳಿವಳಿಕೆ ಕೊಟ್ಟು, ಕ್ರಮೇಣ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುವ ಗುರಿಯನ್ನು ಕೊಡಲಾಯಿತು. ಇವರಿಗೆ ನೋವು ಮರುಕಳಿಸಲು ಮಧ್ಯಮ ಲೆಕ್ಕದಲ್ಲಿ 208 ದಿನಗಳು ಹಿಡಿದರೆ, ಹೀಗೆ ನಡೆಯದವರಿಗೆ 112 ದಿನಗಳಲ್ಲೇ ಮರುಕಳಿಸಿತು. ಇಲ್ಲಿ ನಡಿಗೆಯೆಂದರೆ ಹೊರೆಯಿಲ್ಲದೆ, ಬೆನ್ನು ನೇರವಾಗಿಟ್ಟು, ಕೈ ಬೀಸಿ, ಒಂದೇ ಸಮನೆ ನಡೆಯುವುದು. ತೋಟದಲ್ಲಿ ಗಿಡದಿಂದ ಗಿಡಕ್ಕೆ ನಿಂತು ನಿಂತು ಸಾಗುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಗುಡ್ಡದ ಇಳಿಜಾರಿಗಿಂತ ಸಮನಾದ ರಸ್ತೆ ಮೊದಲಿಗೆ ಒಳ್ಳೆಯದು. ಕೊರತೆಯೆಂದರೆ, ನಡಿಗೆಯಿಂದ ಭಾರ ಎತ್ತುವ ಶಕ್ತಿ ಬರುವುದಿಲ್ಲ. ಹೆತ್ತೂರಿನ ಕಡೆಯ ಮಳೆಗಾಲದಲ್ಲಿ ಹೊರಗೆ ನಡೆಯುವುದೂ ಕಷ್ಟ.

2. ಒಂದು ದಿಕ್ಕಿಗೆ ಬಾಗುವ ವ್ಯಾಯಾಮ: ಅಮೆರಿಕದ ಮೂಳೆವೈದ್ಯ ಪಾಲ್ ವಿಲಿಯಮ್ಸ್ 1937ರಲ್ಲಿ ಮುಂದಕ್ಕೆ ಮಡಿಸುವ ವ್ಯಾಯಾಮಗಳನ್ನು ಪ್ರಚಾರಕ್ಕೆ ತಂದರು. ಅಂಗಾತ ಮಲಗಿ ಮೊಣಕಾಲನ್ನು ಎದೆಗೆ ತರುವುದು ಇವುಗಳಲ್ಲಿ ಮುಖ್ಯವಾದುದು. ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿಯವರ ದಾರಿ ಬೇರೆಯಾಯಿತು. 1956ರಲ್ಲಿ ಅವರ ರೋಗಿಯೊಬ್ಬ, ತಲೆಯ ಕಡೆ ಎತ್ತರಿಸಿದ್ದ ಮೇಜಿನ ಮೇಲೆ ತಿಳಿಯದೆ ಬೋರಲಾಗಿ ಮಲಗಿಬಿಟ್ಟ. ಸೊಂಟ ಹಿಂದಕ್ಕೆ ಬಾಗಿದ ಆ ಸ್ಥಿತಿಯಲ್ಲಿ ಅವನ ಕಾಲುನೋವು ಹೋಗಿತ್ತು. ಅಲ್ಲಿಂದ ಬೆಳೆದ ಕ್ರಮದ ಮುಖ್ಯ ಸೂತ್ರ ಇಷ್ಟು: ಯಾವ ದಿಕ್ಕಿಗೆ ಬಾಗಿದಾಗ ಕಾಲಿನ ನೋವು ಮೇಲೇರಿ ಸೊಂಟದ ನಡುವಿಗೆ ಸರಿಯುವುದೋ ಆ ದಿಕ್ಕು ಒಳ್ಳೆಯದು. ಯಾವ ದಿಕ್ಕಿಗೆ ಬಾಗಿದಾಗ ನೋವು ಕಾಲಿನಲ್ಲಿ ಕೆಳಕ್ಕಿಳಿಯುವುದೋ ಆ ದಿಕ್ಕು ಬೇಡ. ಬಗ್ಗಿ ದುಡಿದಾಗ ಹೆಚ್ಚಾಗುವ ನೋವಿಗೆ ಸಾಮಾನ್ಯವಾಗಿ ಹಿಂದಕ್ಕೆ ಬಾಗುವುದು ಹಿತ. ನಿಂತಾಗ, ನಡೆದಾಗ ಹೆಚ್ಚಾಗಿ, ಕುಳಿತು ಮುಂದಕ್ಕೆ ಬಾಗಿದರೆ ಇಳಿಯುವ ನೋವು ವಯಸ್ಸಾದವರಲ್ಲಿ ಹೆಚ್ಚು. ಅವರಿಗೆ ಮೊಣಕಾಲು ಮಡಿಸುವ ವ್ಯಾಯಾಮ ಹಿತ. ಗದ್ದೆಯ ಬದುವಿನ ಮೇಲೂ ಮಾಡಬಹುದೆಂಬುದು ಈ ಬಗೆಯ ದೊಡ್ಡ ಅನುಕೂಲ.

3. ನಡು ಬಲಪಡಿಸುವ ವ್ಯಾಯಾಮ: ಹೊಟ್ಟೆ, ಬೆನ್ನು ಮತ್ತು ಪೃಷ್ಠದ ಸ್ನಾಯುಗಳನ್ನು ಗಟ್ಟಿ ಮಾಡುವ ಬಗೆ ಇದು. ಪೇಟೆಗಳಲ್ಲಿ ಪಿಲಾಟೆಸ್ ಎಂದು ಕಲಿಸುವುದೂ ಬಹುಮಟ್ಟಿಗೆ ಇದೇ ಜಾತಿಗೆ ಸೇರಿದುದು. 2021ರಲ್ಲಿ ಬಗೆಬಗೆಯ ವ್ಯಾಯಾಮಗಳನ್ನು ಒಂದಕ್ಕೊಂದು ತೂಗಿ ನೋಡಿದ ವಿಶ್ಲೇಷಣೆಯಲ್ಲಿ ಪಿಲಾಟೆಸ್, ಮೆಕೆಂಜಿ ಕ್ರಮ ಮತ್ತು ನಿತ್ಯದ ಕೆಲಸಕ್ಕೆ ಮರಳಿ ಪಳಗಿಸುವ ಕ್ರಮ, ಈ ಮೂರೂ ಉಳಿದವುಗಳಿಗಿಂತ ಸ್ವಲ್ಪ ಮೇಲೆನಿಸಿದವು. ಚೀಲ ಎತ್ತುವವರಿಗೆ, ಔಷಧಿ ಸಿಂಪಡಿಸುವ ಕ್ಯಾನನ್ನು ಬೆನ್ನಿಗೆ ಹಾಕಿಕೊಳ್ಳುವವರಿಗೆ ಈ ಬಗೆ ಅಗತ್ಯ. 16 ಲೀಟರಿನ ಕ್ಯಾನು ತುಂಬಿದಾಗ 20 ಕಿಲೋ ಹತ್ತಿರ ತೂಗುತ್ತದೆಂಬುದನ್ನು ನೆನಪಿಡಬೇಕು. ಕೊರತೆಯೆಂದರೆ ಫಲ ತಡವಾಗಿ ಕಾಣುತ್ತದೆ. ಆರರಿಂದ ಹನ್ನೆರಡು ವಾರ ಬಿಡದೆ ಮಾಡಬೇಕು.

4. ಯೋಗಾಸನ: ಆಸನಗಳಲ್ಲಿ ಬಾಗುವುದು, ಬಲಪಡಿಸುವುದು, ಸಡಿಲಿಸುವುದು ಮೂರೂ ಸೇರಿವೆ. ಉಸಿರಾಟ ಮತ್ತು ವಿಶ್ರಾಂತಿ ಇದರ ಹೆಚ್ಚಿನ ಭಾಗ. ನೋವಿನ ಹೆದರಿಕೆ, ನಿದ್ರೆಗೇಡು ಇರುವವರಿಗೆ ಇದು ವಿಶೇಷವಾಗಿ ಒಪ್ಪುತ್ತದೆ. ಆನೇಕಲ್ ತಾಲ್ಲೂಕಿನ ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿ ಹಳೆಯ ಸೊಂಟನೋವಿನ 80 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವಾರ ಅಲ್ಲಿಯೇ ತಂಗಿ ಯೋಗ ಮಾಡಿದವರಿಗೆ ಅಂಗಸಾಧನೆ ಮಾಡಿದವರಿಗಿಂತ ಹೆಚ್ಚು ಗುಣ ಕಂಡಿತು. ಆದರೆ ಅದು ಒಂದೇ ವಾರದ ಫಲ. ಬೇರೆ ಬೇರೆ ದೇಶಗಳ 21 ಪ್ರಯೋಗಗಳನ್ನು 2022ರಲ್ಲಿ ಒಟ್ಟಿಗೆ ನೋಡಿದಾಗ, ಯೋಗವು ಏನೂ ಮಾಡದಿರುವುದಕ್ಕಿಂತ ಮೇಲು, ಬೆನ್ನಿನ ಇತರ ವ್ಯಾಯಾಮಗಳಿಗೆ ಹೆಚ್ಚುಕಡಿಮೆ ಸಮ ಎಂದು ಕಂಡುಬಂದಿತು. ಭುಜಂಗಾಸನ, ಶಲಭಾಸನ, ಮಾರ್ಜಾಲಾಸನ, ಶವಾಸನಗಳು ಪ್ರಾರಂಭಕ್ಕೆ ಯೋಗ್ಯ. ಬಗ್ಗಿದರೆ ನೋಯುವವರು ಪಶ್ಚಿಮೋತ್ತಾನಾಸನ, ಹಲಾಸನಗಳನ್ನು ಮೊದಲಿಗೆ ಮಾಡಬಾರದು. ಬಲ್ಲವರಿಂದ ಕಲಿಯುವುದು ಕ್ಷೇಮ.

ಹಾಗಾದರೆ ಯಾವುದು ಮೇಲು?

ಮೇಲ್ಕಂಡ ಹೋಲಿಕೆಯಿಂದ ತಿಳಿಯುವುದೇನೆಂದರೆ, ಬಗೆಬಗೆಯ ವ್ಯಾಯಾಮಗಳ ನಡುವಿನ ಅಂತರ ಸಣ್ಣದು, ಮಾಡುವುದಕ್ಕೂ ಮಾಡದಿರುವುದಕ್ಕೂ ಇರುವ ಅಂತರ ದೊಡ್ಡದು. ಭತ್ತದ ಎರಡು ಒಳ್ಳೆಯ ತಳಿಗಳ ಇಳುವರಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಆದರೆ ಬಿತ್ತದೆ ಬಿಟ್ಟ ಗದ್ದೆಯಲ್ಲಿ ಯಾವ ತಳಿಯೂ ಬೆಳೆಯುವುದಿಲ್ಲ. ಬಿಡದೆ ಮಾಡಲು ಯಾವುದು ಸಾಧ್ಯವೋ ಅದೇ ಆ ಮನುಷ್ಯನಿಗೆ ಮೇಲಾದ ವ್ಯಾಯಾಮ.

ಆಯ್ಕೆಗೆ ಈ ಕೆಳಗಿನ ಸೂಚನೆಗಳು ಸಹಾಯಕವಾಗುತ್ತವೆ:

- ಬಗ್ಗಿದಾಗ ನೋವು ಹೆಚ್ಚಾಗುವವರು ಹಿಂದಕ್ಕೆ ಬಾಗುವ ವ್ಯಾಯಾಮದಿಂದ ಪ್ರಾರಂಭಿಸಬೇಕು.
- ನಿಂತಾಗ, ನಡೆದಾಗ ಹೆಚ್ಚಾಗುವವರು ಮೊಣಕಾಲು ಮಡಿಸುವ ವ್ಯಾಯಾಮದಿಂದ ಪ್ರಾರಂಭಿಸಬೇಕು.
- ಹೊರೆ ಹೊರುವವರು ನಡು ಬಲಪಡಿಸುವುದನ್ನು ಸೇರಿಸಿಕೊಳ್ಳಬೇಕು.
- ನೋವು ಬಿಟ್ಟು ಬಿಟ್ಟು ಬರುವವರಿಗೆ ನಡಿಗೆ ಉತ್ತಮ ರಕ್ಷಣೆ.
- ಚಿಂತೆ, ನಿದ್ರೆಗೇಡು ಇರುವವರಿಗೆ ಯೋಗ ಸೂಕ್ತ.

ದಿನಕ್ಕೆ ಇಪ್ಪತ್ತು ನಿಮಿಷಗಳ ಕ್ರಮ

ಮನೆಯ ಜಗಲಿಯಲ್ಲಿ ಕಂಬಳಿ ಹಾಸಿಕೊಂಡು ಈ ಕೆಳಗಿನವುಗಳನ್ನು ಮಾಡಬಹುದು.

(ಅ) ಬೋರಲಾಗಿ ಮಲಗಿ, ಮೊಣಕೈಗಳ ಮೇಲೆ ಎದೆ ಎತ್ತಿ ಎರಡು ನಿಮಿಷ ಇರುವುದು. ಇದು ಹಿತವಾದರೆ ಅಂಗೈ ಊರಿ, ಸೊಂಟ ನೆಲಕ್ಕೆ ತಾಗಿರುವಂತೆಯೇ ಎದೆ ಎತ್ತಿ ಇಳಿಸುವುದು, 10 ಸಲ. ನಿಂತಾಗ ನೋವು ಹೆಚ್ಚಾಗುವವರು ಇದರ ಬದಲು ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ಎದೆಗೆ ತರಬೇಕು, 10 ಸಲ.

(ಆ) ಅಂಗಾತ ಮಲಗಿ, ಮೊಣಕಾಲು ಮಡಿಸಿ, ಪಾದ ಊರಿ, ಸೊಂಟವನ್ನು ಸೇತುವೆಯಂತೆ ಎತ್ತಿ ಐದು ಎಣಿಸುವವರೆಗೆ ನಿಲ್ಲಿಸುವುದು, 8ರಿಂದ 10 ಸಲ.

(ಇ) ಕೈ ಮತ್ತು ಮೊಣಕಾಲು ಊರಿ ಹಸುವಿನಂತೆ ನಿಂತು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚುವುದು. ಅನಂತರ ಎಡಗೈ, ಬಲಗಾಲು. ಪ್ರತಿ ಪಕ್ಕಕ್ಕೆ 8 ಸಲ. ಬೆನ್ನು ಅಲುಗಬಾರದು.

(ಈ) ಗೋಡೆಗೆ ಬೆನ್ನು ಒರಗಿಸಿ ಕುರ್ಚಿಯ ಮೇಲೆ ಕುಳಿತಂತೆ ಅರ್ಧ ಜಾರಿ ಏಳುವುದು, 10 ಸಲ. ಭಾರವನ್ನು ಕಾಲಿನಿಂದ ಎತ್ತಲು ಇದು ಪಳಗಿಸುತ್ತದೆ.

(ಉ) ಕೊನೆಗೆ ಐದು ನಿಮಿಷ ಶವಾಸನ.

ಇದರೊಡನೆ ಮೊದಲ ವಾರ 10 ನಿಮಿಷ ನಡೆದು, ವಾರಕ್ಕೆ ಐದೈದು ನಿಮಿಷ ಏರಿಸುತ್ತ ಅರ್ಧ ಗಂಟೆಗೆ ತರಬೇಕು. ಮೊದಲ ದಿನಗಳಲ್ಲಿ ಮೈಕೈ ಸ್ವಲ್ಪ ನೋಯುವುದು ಸಹಜ. ಮರುದಿನ ಬೆಳಿಗ್ಗೆಗೆ ಇಳಿಯುವ ನೋವಿಗೆ ಹೆದರಬೇಕಾಗಿಲ್ಲ. ಇಳಿಯದಿದ್ದರೆ ಎಣಿಕೆಯನ್ನು ಅರ್ಧಕ್ಕೆ ತಗ್ಗಿಸಬೇಕೇ ಹೊರತು ಪೂರ್ತಿ ಬಿಡಬಾರದು. ಗರ್ಭಿಣಿಯರು ಮತ್ತು ಹೃದ್ರೋಗವಿರುವವರು ವೈದ್ಯರನ್ನು ಕೇಳಿ ಪ್ರಾರಂಭಿಸಬೇಕು.

ಯಾವ ಕಾಲದಲ್ಲಿ ಪ್ರಾರಂಭಿಸಬೇಕು?

ಕೊಯ್ಲು ಬಂದಾಗ ವ್ಯಾಯಾಮ ನೆನೆಯುವುದು ಮಳೆ ಹಿಡಿದ ಮೇಲೆ ಸೂರು ಹೊದಿಸಿದಂತೆ. ಬಲ ಬರಲು ಎರಡರಿಂದ ಮೂರು ತಿಂಗಳು ಬೇಕಾಗುವುದರಿಂದ, ನವೆಂಬರಿನ ಕಾಫಿ ಕೊಯ್ಲಿಗೆ ಆಗಸ್ಟ್ ತಿಂಗಳಲ್ಲೇ ಪ್ರಾರಂಭಿಸಬೇಕು. ಮಳೆಯ ದಿನಗಳಲ್ಲಿ ಒಳಗಿನ ವ್ಯಾಯಾಮ, ಮಳೆ ನಿಂತ ಮೇಲೆ ನಡಿಗೆ ಸೇರಿಸುವುದು ಅನುಕೂಲ. ಕೊಯ್ಲಿನ ದಿನಗಳಲ್ಲಿ ಪೂರ್ತಿ ಕ್ರಮ ಸಾಧ್ಯವಾಗದಿದ್ದರೆ ವಾರಕ್ಕೆ ಎರಡು ದಿನವಾದರೂ ಮಾಡಿ ಗಳಿಸಿದ ಬಲವನ್ನು ಉಳಿಸಿಕೊಳ್ಳಬೇಕು.

ಕೆಲಸದ ನಡುವೆ ಗಮನಿಸಬೇಕಾದ ಅಂಶಗಳು

1. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದೊಡನೆ ಬಗ್ಗಿ ಸಗಣಿ ಬಾಚುವುದು, ಕೊಡ ಎತ್ತುವುದು ಬೆನ್ನಿಗೆ ಭಾರ. ಒಂದು ಗಂಟೆಯಾದರೂ ನಿಂತು ಮಾಡುವ ಕೆಲಸಗಳನ್ನು ಮೊದಲು ಮಾಡುವುದು ಲೇಸು.

2. ನಾಟಿ, ಕಳೆ, ಹೆಕ್ಕುವ ಕೆಲಸದಲ್ಲಿ ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಐದು ಸಲ ಹಿಂದಕ್ಕೆ ಬಾಗಬೇಕು. ಇದಕ್ಕೆ ಒಂದು ನಿಮಿಷವೂ ಬೇಡ.

3. ಚೀಲವನ್ನು ಮೊಣಕಾಲು ಮಡಿಸಿ, ಮೈಗೆ ಒತ್ತಿ ಹಿಡಿದು ಎತ್ತಬೇಕು. ಎತ್ತಿದ ಮೇಲೆ ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿ ಒಬ್ಬ ವಯಸ್ಕ ಗಂಡಾಳು ಹೊರುವ ತೂಕಕ್ಕೆ 55 ಕಿಲೋ ಮಿತಿಯನ್ನು ಸೂಚಿಸಿತು. ಹೆಣ್ಣಾಳುಗಳಿಗೆ ಇದಕ್ಕಿಂತ ಬಹಳ ಕಡಿಮೆ ಇರಬೇಕು. ಬೆನ್ನುನೋವಿರುವವರಿಗೆ 50 ಕಿಲೋ ಕೂಡ ಹೆಚ್ಚೇ. ಇಬ್ಬರು ಹಿಡಿಯುವುದು ಅಥವಾ ಅರ್ಧ ತುಂಬುವುದು ಜಾಣತನ.

4. ಗುದ್ದಲಿ, ಕತ್ತಿಗಳ ಹಿಡಿ ಆಳಿನ ಎತ್ತರಕ್ಕೆ ತಕ್ಕಷ್ಟು ಉದ್ದವಿರಬೇಕು.

ಕೂಡಲೇ ವೈದ್ಯರಲ್ಲಿಗೆ ಹೋಗಬೇಕಾದ ಲಕ್ಷಣಗಳು

ಎಲ್ಲ ಸೊಂಟನೋವಿಗೂ ವ್ಯಾಯಾಮ ಮದ್ದಲ್ಲ. ಈ ಕೆಳಗಿನ ಲಕ್ಷಣಗಳಿದ್ದರೆ ವ್ಯಾಯಾಮ ನಿಲ್ಲಿಸಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ ತಾಲ್ಲೂಕು ಆಸ್ಪತ್ರೆಗಾಗಲಿ ಹೋಗತಕ್ಕದ್ದು.

- ಮೂತ್ರ ಕಟ್ಟುವುದು ಅಥವಾ ಮಲಮೂತ್ರಗಳ ಹತೋಟಿ ತಪ್ಪುವುದು. ತೊಡೆಯ ಸಂದು, ಗುದದ ಸುತ್ತ ಜೋಮು. ಇದರಲ್ಲಿ ಒಂದು ದಿನವನ್ನೂ ಕಳೆಯಬಾರದು.
- ಕಾಲಿನ ಬಲ ಕುಂದುತ್ತ ಹೋಗುವುದು, ಪಾದ ಎತ್ತಲಾಗದಿರುವುದು.
- ಏಣಿಯಿಂದ ಅಥವಾ ಮರಗಸಿ ಮಾಡುವಾಗ ಮರದಿಂದ ಬಿದ್ದ ನಂತರದ ನೋವು.
- ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು. ಬೆನ್ನುಮೂಳೆಯ ಕ್ಷಯ ಅಥವಾ ಕ್ಯಾನ್ಸರ್ ಹೀಗೆ ತೋರಬಹುದು.
- ವಯಸ್ಸಾದ ಹೆಂಗಸರಲ್ಲಿ ಸಣ್ಣ ಪೆಟ್ಟಿಗೇ ಬಂದ ತೀವ್ರ ನೋವು. ಟೊಳ್ಳಾದ ಮೂಳೆ ಕುಸಿದಿರಬಹುದು.

ವಿಸ್ತರಣಾ ಕಾರ್ಯಕರ್ತರಿಗೆ

ಗ್ರಾಮದಲ್ಲಿ ಈ ವಿಷಯವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಫಲಕಾರಿ. ಕೊಯ್ಲಿಗೆ ಮುಂಚಿನ ರೈತರ ಸಭೆಗಳಲ್ಲಿ ಹದಿನೈದು ನಿಮಿಷಗಳನ್ನು ಇದಕ್ಕೆ ಮೀಸಲಿಡಬಹುದು. ಆರೋಗ್ಯ ಸಿಬ್ಬಂದಿಯ ನೆರವು ಪಡೆಯುವುದು ಒಳ್ಳೆಯದು. ಮಹಿಳೆಯರಿಗೆ ಪ್ರತ್ಯೇಕವಾಗಿ, ಅವರಿಗೆ ಬಿಡುವಿರುವ ಹೊತ್ತಿನಲ್ಲಿ ತೋರಿಸಬೇಕು. ಬಗ್ಗುವ ಕೆಲಸದ ಹೆಚ್ಚಿನ ಪಾಲು ಅವರದೇ ಆದರೂ ಮನೆಯಲ್ಲಿ ಕೊನೆಗೆ ಆಸ್ಪತ್ರೆ ಕಾಣುವವರೂ ಅವರೇ. ತೋಟದ ಮಾಲೀಕರು ಅರ್ಧ ಗಂಟೆಗೊಂದು ನಿಮಿಷ ನೆಟ್ಟಗಾಗಲು ಆಳುಗಳಿಗೆ ಅವಕಾಶ ಕೊಡುವಂತೆ ಮನವೊಲಿಸಬೇಕು. ಕೊಯ್ಲಿನ ಸಾಲಿನಲ್ಲಿರುವ ಹೆಣ್ಣಾಳು ತಾನಾಗಿಯೇ ಕೆಲಸ ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳಲಾರಳು.

ಕೊನೆಯದಾಗಿ ಹೇಳಬೇಕಾದರೆ, ರೈತ ಬಾಂಧವರು ಕೊಯ್ಲಿಗೆ ಮುಂಚೆ ಏಣಿಯ ಮೆಟ್ಟಿಲು ಭದ್ರವಾಗಿದೆಯೇ, ಕಣ ಸರಿಯಾಗಿದೆಯೇ, ಚೀಲಗಳಿಗೆ ತೂತು ಬಿದ್ದಿದೆಯೇ ಎಂದು ನೋಡಿಕೊಳ್ಳುತ್ತಾರೆ. ಅದೇ ಪಟ್ಟಿಯಲ್ಲಿ ಬೆನ್ನನ್ನೂ ಸೇರಿಸಿಕೊಳ್ಳಬೇಕು. ತಮ್ಮ ನೋವಿಗೆ ಒಪ್ಪುವ ಒಂದು ಬಗೆಯನ್ನು ಆರಿಸಿಕೊಂಡು, ದಿನಕ್ಕೆ ಇಪ್ಪತ್ತು ನಿಮಿಷ, ಆಗಸ್ಟಿನಿಂದಲೇ ಬಿಡದೆ ಮಾಡಿದರೆ, ಕೊಯ್ಲಿನ ದಿನಗಳಲ್ಲಿ ಮಲಗಬೇಕಾದ ಪ್ರಸಂಗ ಬಹಳಷ್ಟು ಕಡಿಮೆಯಾಗುವುದು.